ಗ್ರಾಮದ ವಿಪತ್ತನ್ನು ಮುಂಗಡವಾಗಿ ಅಳೆಯುವ ಕ್ರಮ — ಕೊಡಗಿನ ಮಲೆಸೀಮೆಯ ನಿದರ್ಶನದೊಡನೆ

ಅತಿವೃಷ್ಟಿ ಅನಾವೃಷ್ಟಿಗಳು ದೈವಾಧೀನವೆಂಬ ಮಾತು ಕನ್ನಡ ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮಳೆಯ ಮಟ್ಟಿಗೆ ಈ ಮಾತು ನಿಜವೇ ಸರಿ. ಮೋಡವನ್ನು ತಡೆದು ನಿಲ್ಲಿಸುವ ಶಕ್ತಿ ಯಾರಿಗೂ ಇಲ್ಲ. ಆದರೆ ಬಿದ್ದ ಮಳೆಯು ಯಾರ ಮನೆಯ ಮೇಲೆ ಗುಡ್ಡವನ್ನು ಕೆಡಹುವುದು, ಯಾರ ಗದ್ದೆಯನ್ನು ಕಲ್ಲುಮಣ್ಣುಗಳಿಂದ ಮುಚ್ಚುವುದು, ಯಾರನ್ನು ಏನೂ ಮಾಡದೆ ಬಿಡುವುದು ಎಂಬುದು ಬಹುಮಟ್ಟಿಗೆ ನೆಲದ ಇಳಿಜಾರು, ನೀರಿನ ದಾರಿ ಮತ್ತು ಮನುಷ್ಯನ ಕೈಕೆಲಸ ಈ ಮೂರರಿಂದ ನಿಶ್ಚಯವಾಗತಕ್ಕ ವಿಷಯ. ಇವು ಮೂರೂ ಕಣ್ಣಿಗೆ ಕಾಣತಕ್ಕವು, ಅಳತೆಗೆ ಸಿಕ್ಕತಕ್ಕವು. ಆದುದರಿಂದ ವಿಪತ್ತು ಒದಗಿದ ಮೇಲೆ ನಷ್ಟದ ಪಟ್ಟಿಯನ್ನು ಬರೆಯುವುದಕ್ಕಿಂತ, ಒದಗುವ ಮೊದಲೇ ಅಪಾಯದ ಪಟ್ಟಿಯನ್ನು ಬರೆದಿಡುವುದು ಲೇಸು.

೨೦೦೫ನೆಯ ಇಸವಿಯ ವಿಪತ್ತು ನಿರ್ವಹಣಾ ಕಾಯಿದೆಯ ಮೇರೆಗೆ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವಿದ್ದು, ಅದು ಜಿಲ್ಲೆಯ ಯೋಜನೆಯೊಂದನ್ನು ಸಿದ್ಧಪಡಿಸತಕ್ಕದ್ದೆಂದು ವಿಧಿಸಲ್ಪಟ್ಟಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಗುಡ್ಡ ಜರಿಯುವ ಸಂಭವವನ್ನು ತೋರಿಸುವ ನಕ್ಷೆಗಳನ್ನು ೧:೫೦,೦೦೦ ಪ್ರಮಾಣದಲ್ಲಿ ತಯಾರಿಸಿರುತ್ತಾರೆ. ಇವು ಬಹಳ ಉಪಯುಕ್ತವಾದುವು. ಆದರೆ ಈ ಪ್ರಮಾಣದಲ್ಲಿ ನಕ್ಷೆಯ ಒಂದು ಸೆಂಟಿಮೀಟರು ನೆಲದ ಮೇಲೆ ಅರ್ಧ ಕಿಲೋಮೀಟರಾಗುವುದು. ಐವತ್ತು ಮೀಟರು ಉದ್ದದ ಲೈನ್ ಮನೆಗಳ ಸಾಲು ಅದರಲ್ಲಿ ಒಂದು ಮಿಲಿಮೀಟರಿನಷ್ಟು ಮಾತ್ರ. ಆ ಸಾಲಿನ ಹಿಂದೆ ಎಷ್ಟು ಅಡಿ ಎತ್ತರದ ಬರೆಯನ್ನು ಕಡಿದಿದ್ದಾರೆ, ಅದರ ಮೇಲಿನ ಚರಂಡಿ ಎತ್ತ ತಿರುಗಿದೆ ಎಂಬುದನ್ನು ಯಾವ ಜಿಲ್ಲಾ ನಕ್ಷೆಯೂ ತಿಳಿಸಲಾರದು. ಅದನ್ನು ಬಲ್ಲವರು ಊರಿನವರೇ. ಜಿಲ್ಲೆಯ ಲೆಕ್ಕವು ಎಲ್ಲಿಗೆ ನಿಲ್ಲುವುದೋ ಅಲ್ಲಿಂದ ಗ್ರಾಮದ ಲೆಕ್ಕವು ಆರಂಭವಾಗಬೇಕು.

ಕೊಡಗಿನಲ್ಲಿ ನಡೆದುದು

ಕೊಡಗು ಜಿಲ್ಲೆಯ ವಿಸ್ತೀರ್ಣವು ೪,೧೦೨ ಚದರ ಕಿಲೋಮೀಟರು. ೨೦೧೧ರ ಜನಗಣತಿಯಂತೆ ಜನಸಂಖ್ಯೆ ೫,೫೪,೫೧೯. ಜಿಲ್ಲೆ ಚಿಕ್ಕದಾದರೂ ಮಳೆಯು ಎಲ್ಲೆಡೆಯಲ್ಲಿಯೂ ಒಂದೇ ಸಮನಾಗಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಪಶ್ಚಿಮದ ಭಾಗಮಂಡಲದ ಕಡೆ ಅದಕ್ಕೂ ಅಧಿಕ. ಪೂರ್ವದ ಕುಶಾಲನಗರದ ಕಡೆಗೆ ಬಂದರೆ ಮಡಿಕೇರಿಯ ಅರ್ಧಕ್ಕಿಂತಲೂ ಕಡಿಮೆ. ಹೀಗಿರುವಾಗ ಜಿಲ್ಲೆಯ ಸರಾಸರಿ ಮಳೆಯನ್ನು ನಂಬಿ ಒಂದು ಗ್ರಾಮದ ಅಪಾಯವನ್ನು ಅಂದಾಜು ಮಾಡುವುದು ಸರಿಯಾಗಲಾರದು.

೨೦೧೮ನೆಯ ಇಸವಿಯಲ್ಲಿ ಜೂನ್ ತಿಂಗಳು ಮೊದಲ್ಗೊಂಡು ಮಳೆಯು ಬಲವಾಗಿದ್ದು ನೆಲವು ಚೆನ್ನಾಗಿ ನೆಂದಿದ್ದಿತು. ಆಗಸ್ಟ್ ಮಧ್ಯಭಾಗದಲ್ಲಿ ಎಡೆಬಿಡದೆ ಸುರಿದ ಭಾರಿ ಮಳೆಗೆ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ, ಹಟ್ಟಿಹೊಳೆ ಮುಂತಾದ ಕಡೆಗಳಲ್ಲಿ ಗುಡ್ಡಗಳು ಜರಿದವು. ಮಣ್ಣು, ಕಲ್ಲು, ನೀರು, ಕಾಫಿ ಗಿಡ, ನೆರಳಿನ ಮರ ಎಲ್ಲವೂ ಕಲೆತು ಹೊನಲಾಗಿ ಕಣಿವೆಗೆ ಇಳಿದು ಮನೆಗಳನ್ನೂ ಗದ್ದೆಗಳನ್ನೂ ಮುಚ್ಚಿದುವು. ಮಡಿಕೇರಿಯಿಂದ ಸಂಪಾಜೆಯ ಮೇಲೆ ಮಂಗಳೂರಿಗೆ ಹೋಗುವ ಹೆದ್ದಾರಿಯು ಕಡಿದುಹೋಯಿತು. ಮರುವರ್ಷ, ಎಂದರೆ ೨೦೧೯ರ ಆಗಸ್ಟ್ ತಿಂಗಳಲ್ಲಿ, ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಜರಿದು ಜೀವಹಾನಿಯಾಯಿತು. ಅದೇ ಕಾಲದಲ್ಲಿ ಕಾವೇರಿಯು ದಡ ಮೀರಿ ಕರಡಿಗೋಡು, ನೆಲ್ಯಹುದಿಕೇರಿಗಳ ನದೀತೀರದ ಮನೆಗಳನ್ನು ಹೊಕ್ಕಿತು. ೨೦೨೦ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟವು ರಾತ್ರಿಯ ವೇಳೆ ಜರಿದು ಐದು ಮಂದಿ ಮೃತಪಟ್ಟರು.

ಈ ಮೂರು ವರ್ಷಗಳನ್ನು ಒಟ್ಟಿಗೆ ನೋಡಿದರೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ಮೂರರಲ್ಲಿಯೂ ಗುಡ್ಡ ಜರಿದುದು ಆಶ್ಲೇಷ ಮಳೆಯ ಆಸುಪಾಸಿನಲ್ಲಿ, ಮುಂಗಾರು ಮೊದಲಾದ ಎರಡು ತಿಂಗಳ ತರುವಾಯ. ಮೊದಲ ಮಳೆಯನ್ನು ನೆಲವು ಕುಡಿಯುತ್ತದೆ. ನೆಲಕ್ಕೆ ಕುಡಿಯುವ ಶಕ್ತಿ ತೀರಿದ ಮೇಲೆ ಬಿದ್ದ ಭಾರಿ ಮಳೆಯೇ ಅಪಾಯಕಾರಿ. ಒಂದು ಎಕರೆ ಭೂಮಿಯ ಮೇಲೆ ಒಂದಂಗುಲ ಮಳೆ ಬಿದ್ದರೆ ಸುಮಾರು ೧,೦೨,೮೦೦ ಲೀಟರು ನೀರಾಗುವುದು. ಅದರ ತೂಕ ನೂರು ಟನ್ನಿಗೂ ಮೇಲು. ದಿನಕ್ಕೆ ಎಂಟಂಗುಲ ಬಿದ್ದರೆ ಎಂಟುನೂರು ಟನ್ನಿಗೂ ಮೇಲು. ಈ ನೀರಿನಲ್ಲಿ ಇಂಗಿದ ಪಾಲು ಮಣ್ಣಿನ ಭಾರವನ್ನು ಹೆಚ್ಚಿಸುವುದಲ್ಲದೆ, ಮಣ್ಣಿನ ಕಣಕಣಗಳ ನಡುವಣ ಹಿಡಿತವನ್ನೂ ಸಡಿಲಿಸುತ್ತದೆ. ಕೆಳಗಿನ ಬಂಡೆಯ ಮೇಲೆ ಆಳವಾದ ಸಡಿಲ ಮಣ್ಣು ಕುಳಿತಿರುವಲ್ಲಿ ಆ ಮಣ್ಣು ಜಾರಿ ಇಳಿಯುವುದು ಆಶ್ಚರ್ಯವಲ್ಲ. ಇದರೊಡನೆ ರಸ್ತೆಗೂ ಮನೆಗೂ ಬೇಕಾದ ಸಮತಟ್ಟಿಗಾಗಿ ಯಂತ್ರಗಳಿಂದ ಇಳಿಜಾರಿನ ಬುಡವನ್ನು ಕಡಿದುದು ೨೦೧೮ರ ಕುಸಿತಗಳಿಗೆ ಒಂದು ಮುಖ್ಯ ಕಾರಣವೆಂದು ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಪರಿಶೀಲಿಸಿ ಸೂಚಿಸಿದರು.

ಅಪಾಯದ ಮೂರು ಅಂಗಗಳು

ಸಾಮಾನ್ಯವಾಗಿ ಎಲ್ಲಿ ಹೆಚ್ಚು ಮಳೆ ಬೀಳುವುದೋ ಅಲ್ಲಿ ಹೆಚ್ಚು ಅಪಾಯವೆಂದು ಜನರು ಎಣಿಸುತ್ತಾರೆ. ಇದು ಅರ್ಧ ಸತ್ಯ. ಅಪಾಯಕ್ಕೆ ಮೂರು ಅಂಗಗಳುಂಟು. ಮೊದಲನೆಯದು, ವಿಪತ್ತು ಒದಗುವ ಸಂಭವ. ಎರಡನೆಯದು, ಅದರ ದಾರಿಯಲ್ಲಿ ಸಿಲುಕತಕ್ಕ ಜನ, ದನ ಮತ್ತು ಸ್ವತ್ತು. ಮೂರನೆಯದು, ಸಿಲುಕಿದವರಿಗೆ ತಾಳಿಕೊಳ್ಳುವ ಶಕ್ತಿಯಲ್ಲಿರುವ ಕೊರತೆ. ಈ ಮೂರನ್ನೂ ಒಂದರಿಂದೊಂದು ಗುಣಿಸಿದರೆ ಬರುವುದೇ ಅಪಾಯ. ಗುಣಿಸಬೇಕೇ ಹೊರತು ಕೂಡಿಸಬಾರದು. ಏಕೆಂದರೆ ಮೂರರಲ್ಲಿ ಯಾವುದಾದರೊಂದು ಸೊನ್ನೆಯಾದರೆ ಅಪಾಯವೂ ಸೊನ್ನೆಯಾಗುವುದು. ನಿರ್ಜನವಾದ ಕಾಡಿನ ನಡುವೆ ಗುಡ್ಡ ಜರಿದರೆ ಯಾವ ಮನೆಗೂ ದುಃಖವಿಲ್ಲ.

ತಾಳಿಕೊಳ್ಳುವ ಶಕ್ತಿಯೆಂಬುದನ್ನು ಹಣದಿಂದಲೇ ಅಳೆಯತಕ್ಕದ್ದಲ್ಲ. ಮನೆಯ ಗೋಡೆ ಎಂತಹುದು, ಹೊರಬೀಳಲು ಎಷ್ಟು ದಾರಿಗಳಿವೆ, ಮನೆಯಲ್ಲಿ ನಡೆಯಲಾರದ ಮುದುಕರೂ ಎಳೆಯ ಮಕ್ಕಳೂ ಎಷ್ಟು ಮಂದಿ, ರಾತ್ರಿಯಲ್ಲಿ ಸುದ್ದಿ ಮುಟ್ಟುವುದು ಹೇಗೆ ಎಂಬಿವೆಲ್ಲವೂ ಇದರಲ್ಲಿ ಸೇರುತ್ತವೆ. ಸರ್ಕಾರದ ಪರಿಹಾರವೇ ಸಾಕೆಂದು ನಂಬಿ ಕೂಡುವವರು ಒಂದು ಲೆಕ್ಕವನ್ನು ನೋಡಬೇಕು. ೨೦೨೨ರಿಂದ ೨೦೨೬ರ ವರೆಗಿನ ಕಾಲಕ್ಕೆ ಗೊತ್ತುಮಾಡಿದ ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ, ಬಹುವಾರ್ಷಿಕ ಬೆಳೆಗಳ ನಷ್ಟಕ್ಕೆ ಹೆಕ್ಟೇರಿಗೆ ೨೨,೫೦೦ ರೂಪಾಯಿಗಳಂತೆ, ಎರಡು ಹೆಕ್ಟೇರುಗಳ ಮಿತಿಯೊಳಗೆ, ಸಹಾಯಧನವನ್ನು ವಿಧಿಸಿದ್ದಿತು. ಹೊಸದಾಗಿ ನೆಟ್ಟ ಕಾಫಿ ಗಿಡವು ಫಸಲಿಗೆ ಬರಲು ಮೂರು ನಾಲ್ಕು ವರ್ಷಗಳು ಬೇಕು. ಮೇಲ್ಮಣ್ಣೇ ಹೋದ ಜಾಗದಲ್ಲಿ ಗಿಡ ನೆಡುವುದೂ ಸಾಧ್ಯವಿಲ್ಲ. ಸಹಾಯಧನವು ಊರುಗೋಲೇ ಹೊರತು ಕಾಲಲ್ಲ.

ಹಿಂದಿನ ಲೆಕ್ಕವನ್ನು ಕೂಡಿಸುವುದು

ಗ್ರಾಮದ ಅಂದಾಜಿನಲ್ಲಿ ಮೊದಲನೆಯ ಕೆಲಸ ಹಿಂದಿನ ಸಂಗತಿಗಳನ್ನು ಬರೆದಿಡುವುದು. ಊರಿನ ವೃದ್ಧರನ್ನು ಕೂರಿಸಿಕೊಂಡು, ಯಾವ ವರ್ಷ ಎಲ್ಲಿ ಬರೆ ಜರಿಯಿತು, ಹೊಳೆಯ ನೀರು ಯಾವ ಕಲ್ಲಿನ ವರೆಗೆ, ಯಾವ ಮನೆಯ ಮೆಟ್ಟಿಲಿನ ವರೆಗೆ ಏರಿತು ಎಂಬುದನ್ನು ವಿಚಾರಿಸಬೇಕು. ನೆನಪಿನಲ್ಲಿ ವರ್ಷವು ತಪ್ಪಬಹುದು. ಸ್ಥಳವು ಅಪರೂಪವಾಗಿ ತಪ್ಪುವುದು. ೧೯೨೪ರ ಜುಲೈ ತಿಂಗಳಲ್ಲಿ ಕಾವೇರಿಯೂ ನೆರೆಯ ಕೇರಳದ ನದಿಗಳೂ ಉಕ್ಕಿಹರಿದ ಮಹಾಪ್ರವಾಹವನ್ನು ಕಂಡವರು ಈಗ ಇಲ್ಲದಿದ್ದರೂ, ಅದರ ಮಾತನ್ನು ಹಿರಿಯರಿಂದ ಕೇಳಿದವರು ಹಲವು ಮನೆಗಳಲ್ಲಿ ಇದ್ದಾರು.

ಈ ವಿಷಯದಲ್ಲಿ ಕೊಡಗಿನ ತೋಟಗಾರರಿಗೆ ಒಂದು ವಿಶೇಷ ಅನುಕೂಲವುಂಟು. ತೋಟದ ಬಂಗಲೆಯ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ಪ್ರತಿದಿನ ಬೆಳಿಗ್ಗೆ ಇಂಚು ಸೆಂಟುಗಳಲ್ಲಿ ಬರೆದಿಡುವ ಪದ್ಧತಿ ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಈ ಪುಸ್ತಕಗಳನ್ನು ಹೂಮಳೆಯ ಲೆಕ್ಕಕ್ಕೆ ಮಾತ್ರ ತೆಗೆಯುವುದು ವಾಡಿಕೆ. ಅವುಗಳಿಂದ ಇನ್ನೊಂದು ಪಟ್ಟಿಯನ್ನೂ ತೆಗೆಯಬಹುದು: ಬರೆ ಜರಿದ ಅಥವಾ ನೆಲ ಬಿರಿದ ಒಂದೊಂದು ದಿನಕ್ಕೂ ಎದುರಾಗಿ ಆ ದಿನದ ಮಳೆ, ಹಿಂದಿನ ಮೂರು ದಿನಗಳ ಮಳೆ, ಹಿಂದಿನ ಹದಿನೈದು ದಿನಗಳ ಮಳೆ ಇವನ್ನು ಬರೆಯಬೇಕು. ಹೀಗೆ ಐದಾರು ಸಂದರ್ಭಗಳು ಕೂಡಿದರೆ ಆ ಗ್ರಾಮದ ನೆಲವು ಎಷ್ಟು ಮಳೆಯ ತರುವಾಯ ಸಡಿಲವಾಗುವುದೆಂಬ ಅಂದಾಜು ದೊರೆಯುತ್ತದೆ. ಪಕ್ಕದ ಗ್ರಾಮದ ಅಂಕಿಯು ಇದಕ್ಕೆ ಬದಲಾಗಲಾರದು. ಪುಸ್ತಕವಿಲ್ಲದವರು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳ ಅಂಕಿಗಳನ್ನು ಪಡೆಯಬಹುದು.

“ಒಮ್ಮೆ ಬಂದಿತು, ಇನ್ನು ಬಾರದು” ಎಂಬ ಭ್ರಮೆ

ದೊಡ್ಡ ವಿಪತ್ತು ಒಮ್ಮೆ ಬಂದುಹೋದರೆ ಇನ್ನು ಐವತ್ತು ವರ್ಷ ಭಯವಿಲ್ಲವೆಂದು ಹಲವರು ಸಮಾಧಾನಪಡುತ್ತಾರೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಪ್ರವಾಹವೆಂದು ತಜ್ಞರು ಹೇಳಿದರೆ, ಸರಾಸರಿಯಲ್ಲಿ ಯಾವ ಒಂದು ವರ್ಷದಲ್ಲಿಯಾದರೂ ನೂರಕ್ಕೆ ನಾಲ್ಕರಷ್ಟು ಸಂಭವವಿದೆಯೆಂದು ಮಾತ್ರ ಅದರ ಅರ್ಥ. ಪ್ರವಾಹಕ್ಕೆ ಹಿಂದಿನ ವರ್ಷದ ನೆನಪಿಲ್ಲ. ಈ ಪ್ರಕಾರ ಗುಣಿಸಿ ನೋಡಿದರೆ, ಅಂತಹ ಪ್ರವಾಹವು ಮುಂದಿನ ಹತ್ತು ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ ಸುಮಾರು ೩೪. ಇಪ್ಪತ್ತೈದು ವರ್ಷಗಳಲ್ಲಿ ನೂರಕ್ಕೆ ಸುಮಾರು ೬೪. ಮನೆ ಕಟ್ಟುವವನು ಇಪ್ಪತ್ತೈದು ವರ್ಷಗಳಿಗಿಂತ ಹೆಚ್ಚು ಕಾಲ ಅದರಲ್ಲಿ ವಾಸಮಾಡುವ ಉದ್ದೇಶದಿಂದಲೇ ಕಟ್ಟುತ್ತಾನೆ. ಕೊಡಗಿನಲ್ಲಿ ಮೂರು ವರ್ಷಗಳು ಒಂದರ ಹಿಂದೆ ಒಂದು ವಿಪತ್ತನ್ನು ತಂದುದು ಈ ಭ್ರಮೆಗೆ ತಕ್ಕ ಉತ್ತರ. ಅದಲ್ಲದೆ ಒಮ್ಮೆ ಬಿರಿದು ನಿಂತ ಗುಡ್ಡವು ಗುಣವಾದ ಗುಡ್ಡವಲ್ಲ. ಅದರ ಬಿರುಕಿಗೆ ಮುಂದಿನ ಮಳೆಯ ನೀರು ಇಳಿಯುವುದು ಮತ್ತಷ್ಟು ಸುಲಭ.

ನೆಲದ ಪರೀಕ್ಷೆ

ಎರಡನೆಯ ಕೆಲಸ ನೆಲವನ್ನು ನಡೆದು ನೋಡುವುದು. ಇದಕ್ಕೆ ಮಾರ್ಚಿ ಏಪ್ರಿಲ್ ತಿಂಗಳುಗಳೇ ತಕ್ಕವು. ಗ್ರಾಮದ ನಕ್ಷೆಯ ಪ್ರತಿಯೊಂದನ್ನು ಹಿಡಿದು ನಾಲ್ಕು ಸಂಗತಿಗಳನ್ನು ಗುರುತಿಸಬೇಕು.

(೧) ಇಳಿಜಾರು: ಹತ್ತು ಅಡಿ ಉದ್ದದ ನೆಟ್ಟನೆಯ ಬಿದಿರನ್ನು ತೆಗೆದುಕೊಂಡು, ಒಂದು ಕೊನೆಯನ್ನು ಇಳಿಜಾರಿನ ನೆಲಕ್ಕೆ ತಾಗಿಸಿ, ರಸಮಟ್ಟವನ್ನಿಟ್ಟು ಬಿದಿರನ್ನು ಸಮನಾಗಿ ಹಿಡಿಯಬೇಕು. ಇನ್ನೊಂದು ಕೊನೆಯಿಂದ ನೆಲಕ್ಕೆ ಇರುವ ಎತ್ತರವು ಐದು ಅಡಿಯಾದರೆ ಇಳಿಜಾರು ಸುಮಾರು ೨೭ ಡಿಗ್ರಿ. ಇಷ್ಟು ಅಥವಾ ಇದಕ್ಕಿಂತ ಕಡಿದಾದ, ಆಳವಾದ ಮಣ್ಣುಳ್ಳ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಕೆಂಪು ಮಾಡತಕ್ಕದ್ದು.

(೨) ನೀರಿನ ದಾರಿ: ಬೇಸಗೆಯಲ್ಲಿ ಒಣಗಿದ್ದು ಮಳೆಗಾಲದಲ್ಲಿ ಮಾತ್ರ ಹರಿಯುವ ತೋಡುಗಳನ್ನೂ ಗುರುತಿಸಬೇಕು. ಜರಿದ ಮಣ್ಣಿನ ಹೊನಲು ಬಹುತೇಕ ಈ ತಗ್ಗುಗಳಲ್ಲಿಯೇ ಇಳಿದು ಬರುವುದು. ತೋಡಿನ ಬಾಯಲ್ಲಿ, ಕಣಿವೆಯು ಅಗಲವಾಗುವ ಕಡೆ, ಸಮತಟ್ಟಾಗಿ ಕಾಣುವ ಜಾಗವು ಹಿಂದೆ ಎಂದೋ ಇಳಿದ ಮಣ್ಣಿನಿಂದಲೇ ಆದುದಾಗಿರಬಹುದು. ಮನೆಗೆ ಅನುಕೂಲವೆಂದು ಆರಿಸುವುದೂ ಇದೇ ಜಾಗವನ್ನೇ.

(೩) ಕಡಿದ ಬರೆ: ರಸ್ತೆ, ಮನೆ, ಕಣ, ವಾಹನ ನಿಲ್ಲುವ ತಾಣ ಇವುಗಳಿಗಾಗಿ ಕಡಿದ ಬರೆಗಳ ಎತ್ತರವನ್ನೂ, ಕಡಿದ ಮಣ್ಣನ್ನು ಎಲ್ಲಿ ಸುರಿದಿದೆ ಎಂಬುದನ್ನೂ ಬರೆಯಬೇಕು. ಇಳಿಜಾರಿನ ಅಂಚಿಗೆ ಸುರಿದ ಸಡಿಲ ಮಣ್ಣು ಕಡಿದ ಬರೆಯಷ್ಟೇ ಅಪಾಯಕರ.

(೪) ನಿಂತ ನೀರು: ಮನೆಗಳ ಮೇಲ್ಭಾಗದಲ್ಲಿ ಕೆರೆ, ಕೃಷಿಹೊಂಡ, ಇಂಗುಗುಂಡಿಗಳು ಇದ್ದರೆ ಅವುಗಳನ್ನು ನೀಲಿ ಬಣ್ಣದಿಂದ ತೋರಿಸಬೇಕು.

ಈ ನಾಲ್ಕನೆಯದನ್ನು ಕುರಿತು ಒಂದು ಮಾತು ಅಗತ್ಯ. ಬದು, ಇಂಗುಗುಂಡಿ, ಕೃಷಿಹೊಂಡಗಳು ಮೈದಾನ ಸೀಮೆಯ ಒಣಭೂಮಿಗೆ ಮಹೋಪಕಾರಿಗಳು. ಅಲ್ಲಿ ಓಡುವ ನೀರನ್ನು ನಿಲ್ಲಿಸಿ ಇಂಗಿಸುವುದೇ ಧರ್ಮ. ಆದರೆ ಮಲೆಸೀಮೆಯ ಕಡಿದಾದ ಇಳಿಜಾರಿನಲ್ಲಿ, ಆಳವಾದ ಮಣ್ಣಿನ ಮೇಲೆ, ಮನೆಗಳ ನೆತ್ತಿಯಲ್ಲಿ ನೀರನ್ನು ನಿಲ್ಲಿಸಿದರೆ ಅದೇ ನೀರು ಗುಡ್ಡವನ್ನು ಒಳಗಿನಿಂದ ಸಡಿಲಿಸುವುದು. ಅಲ್ಲಿ ಹೆಚ್ಚಿನ ನೀರನ್ನು ಕಲ್ಲು ಕಟ್ಟಿದ ಚರಂಡಿಗಳ ಮೂಲಕ ಮೆಲ್ಲನೆ ತೋಡಿಗೆ ಇಳಿಸಬೇಕು. ಒಂದು ಸೀಮೆಯ ಮದ್ದು ಇನ್ನೊಂದು ಸೀಮೆಗೆ ವಿಷವಾಗಬಹುದು.

ಅಂಕ ಹಾಕುವ ಕ್ರಮ

ಮೂರನೆಯ ಕೆಲಸ ಒಂದೊಂದು ಜಾಗಕ್ಕೂ ಅಂಕ ಹಾಕುವುದು. ಸಂಭವ, ಸಿಲುಕುವ ಜನ ಮತ್ತು ಸ್ವತ್ತು, ತಾಳಿಕೆಯ ಕೊರತೆ ಈ ಮೂರಕ್ಕೂ ಒಂದರಿಂದ ಮೂರರ ವರೆಗೆ ಅಂಕ ಕೊಟ್ಟು ಗುಣಿಸಬೇಕು. ಅತ್ಯಂತ ಕಡಿಮೆಯೆಂದರೆ ೧, ಅತ್ಯಂತ ಹೆಚ್ಚೆಂದರೆ ೨೭. ನಿದರ್ಶನಕ್ಕಾಗಿ ಒಂದೇ ಹಿಡುವಳಿಯಲ್ಲಿ ಮೂರು ಜಾಗಗಳನ್ನು ಕಲ್ಪಿಸಿಕೊಳ್ಳಬಹುದು.

ಹೊಳೆಯಂಚಿನ ಭತ್ತದ ಗದ್ದೆಗೆ ಬಹುತೇಕ ಪ್ರತಿ ವರ್ಷವೂ ನೀರು ನುಗ್ಗುತ್ತದೆ: ಸಂಭವ ೩. ಅಲ್ಲಿ ವಾಸಿಸುವವರಿಲ್ಲ, ಒಂದು ಫಸಲು ಮಾತ್ರ: ೧. ಒಂದು ಫಸಲು ಹೋದರೂ ಮುಂದಿನ ವರ್ಷ ಬೆಳೆಯಬಹುದು: ೧. ಗುಣಲಬ್ಧ ೩. ತೋಟದ ಮೇಲ್ಭಾಗದ ಕಡಿದಾದ ಕಾಫಿ ಭೂಮಿಯಲ್ಲಿ ಸಂಭವ ೩. ಮನೆಗಳಿಲ್ಲ, ಫಸಲು ಕೊಡುವ ಗಿಡಗಳುಂಟು: ೧. ಗಿಡ ಹೋದರೆ ಬಹುಕಾಲ ಆದಾಯವಿಲ್ಲ: ೨. ಗುಣಲಬ್ಧ ೬. ಇನ್ನು ಕಡಿದ ಬರೆಯ ಬುಡದಲ್ಲಿರುವ ಲೈನ್ ಮನೆಗಳು. ಅಲ್ಲಿ ಬರೆಯು ಇದುವರೆಗೆ ಒಮ್ಮೆ ಮಾತ್ರ ಸ್ವಲ್ಪ ಜರಿದಿದೆ: ಸಂಭವ ೨. ಕೂಲಿಕಾರರ ಹಲವು ಸಂಸಾರಗಳು ರಾತ್ರಿ ಅಲ್ಲಿ ಮಲಗುತ್ತವೆ: ೩. ಗೋಡೆ ದುರ್ಬಲ, ಹೊರಬೀಳಲು ಒಂದೇ ಕಾಲುದಾರಿ, ಹೊರ ಊರಿನಿಂದ ಬಂದವರಾದುದರಿಂದ ನೆಲದ ಪರಿಚಯವಿಲ್ಲ: ೩. ಗುಣಲಬ್ಧ ೧೮.

ಪ್ರತಿ ವರ್ಷ ತೊಂದರೆ ಕೊಡುವ ಗದ್ದೆಯೇ ಮಾಲೀಕನ ಬಾಯಲ್ಲಿ ಸದಾ ಇರುವುದು; ಲೈನ್ ಮನೆಗಳ ವಿಷಯ ಅವನ ಮನಸ್ಸಿಗೆ ಬಾರದೆ ಇರಬಹುದು. ಅಂಕ ಹಾಕಿ ನೋಡಿದಾಗ ಮಾತ್ರ ಯಾವುದು ಕಿರುಕುಳ, ಯಾವುದು ಮೃತ್ಯು ಎಂಬ ಭೇದವು ಕಣ್ಣಿಗೆ ಬೀಳುವುದು.

ಅಂಕದಿಂದ ಕೆಲಸಕ್ಕೆ

ಮೂರು ಅಂಗಗಳಲ್ಲಿ ಯಾವುದನ್ನು ಇಳಿಸಿದರೂ ಅಪಾಯ ಇಳಿಯುವುದು. ಮೇಲಿನ ಲೈನ್ ಮನೆಗಳ ವಿಷಯದಲ್ಲಿ ಬರೆಯ ನೆತ್ತಿಯ ನೀರನ್ನು ಚರಂಡಿಯಿಂದ ಬೇರೆಡೆಗೆ ತಿರುಗಿಸಿ ಸಂಭವವನ್ನು ಎರಡರಿಂದ ಒಂದಕ್ಕೆ ಇಳಿಸಿದರೆ ೧೮ ಹೋಗಿ ೯ ಆಗುವುದು. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಆ ಸಂಸಾರಗಳನ್ನು ಬೇರೆ ಕಟ್ಟಡಕ್ಕೆ ಸಾಗಿಸಿದರೆ ಎರಡನೆಯ ಅಂಕ ಮೂರರಿಂದ ಒಂದಕ್ಕೆ ಇಳಿದು ೬ ಆಗುವುದು. ಎರಡನ್ನೂ ಮಾಡಿದರೆ ೩. ತಡೆಗೋಡೆಯನ್ನು ಕಟ್ಟುವುದು ಬಹಳ ವೆಚ್ಚದ ಕೆಲಸ. ಹಿಂದೆ ನೀರು ಹೊರಹೋಗಲು ರಂಧ್ರಗಳಿಲ್ಲದ ತಡೆಗೋಡೆಯು ನೀರಿನ ಒತ್ತಡಕ್ಕೆ ತಾನೇ ಉರುಳುವುದೂ ಉಂಟು. ಆದುದರಿಂದ ಮೊದಲು ಜನ, ಆಮೇಲೆ ನೀರು, ಕೊನೆಗೆ ಗೋಡೆ ಎಂಬ ಕ್ರಮವೇ ಸರಿ. ಹೊಸ ಮನೆಗಳನ್ನು ಕೆಂಪು ಮಾಡಿದ ಜಾಗದಲ್ಲಿಯೂ ತೋಡಿನ ಬಾಯಲ್ಲಿಯೂ ಕಟ್ಟದಿರುವುದಕ್ಕೆ ಮಾತ್ರ ಏನೂ ವೆಚ್ಚವಿಲ್ಲ.

ಮಳೆಗಾಲದಲ್ಲಿ ಕಾಣುವ ಸೂಚನೆಗಳು

ಗುಡ್ಡವು ಕೆಲವೊಮ್ಮೆ ಮುನ್ನವೇ ತಿಳಿಸುತ್ತದೆ. ನೆಲದಲ್ಲಿ ಅಥವಾ ಗೋಡೆಯಲ್ಲಿ ಹೊಸ ಬಿರುಕು. ನೆಟ್ಟಗಿದ್ದ ಮರ, ಬೇಲಿಕಂಬ, ವಿದ್ಯುತ್ ಕಂಬಗಳು ವಾಲುವುದು. ಬಾಗಿಲು ಕಿಟಕಿಗಳು ಇದ್ದಕ್ಕಿದ್ದಂತೆ ಬಿಗಿಯಾಗುವುದು. ಹಿಂದೆ ಇಲ್ಲದ ಕಡೆ ಜಲವೇಳುವುದು. ತಿಳಿಯಾಗಿದ್ದ ತೋಡು ಒಮ್ಮೆಲೇ ಕೆಸರಾಗುವುದು. ನೆಲದೊಳಗಿನಿಂದ ಗುಡುಗಿನಂತಹ ಶಬ್ದ ಇವು ಸೂಚನೆಗಳು. ಎಲ್ಲಕ್ಕಿಂತ ಮಿಗಿಲಾಗಿ, ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿದರೆ, ಮೇಲೆ ಎಲ್ಲಿಯೋ ಮಣ್ಣು ಅಡ್ಡಬಿದ್ದು ನೀರು ಕಟ್ಟಿಕೊಂಡಿದೆಯೆಂದು ತಿಳಿದು ತೋಡಿನ ಬದಿಯವರು ಕ್ಷಣವೂ ನಿಲ್ಲದೆ ಎತ್ತರದ ಪಕ್ಕಕ್ಕೆ ಹೋಗಬೇಕು. ಆದರೆ ಸೂಚನೆ ಕಂಡ ಮೇಲೆ ಹೊರಡೋಣವೆಂದು ಕಾಯುವುದು ಸರಿಯಲ್ಲ. ರಾತ್ರಿಯ ಕತ್ತಲೆಯಲ್ಲಿ ಸೂಚನೆಗಳು ಕಾಣುವುದಿಲ್ಲ. ಹವಾಮಾನ ಇಲಾಖೆಯವರು ೨೪ ಗಂಟೆಗಳಲ್ಲಿ ೨೦೪.೫ ಮಿಲಿಮೀಟರು ಅಥವಾ ಅದಕ್ಕೆ ಮೇಲ್ಪಟ್ಟ ಮಳೆಯನ್ನು ಅತ್ಯಂತ ಭಾರಿ ಮಳೆಯೆಂದು ಕರೆಯುತ್ತಾರೆ. ಅಂತಹ ಮುನ್ಸೂಚನೆ ಬಂದಾಗ ಹೆಚ್ಚಿನ ಅಂಕದ ಮನೆಗಳು ಹಗಲಿನಲ್ಲಿಯೇ ಬರಿದಾಗಬೇಕು.

ಇತರ ಸೀಮೆಗಳಲ್ಲಿ

ಇದೇ ಕ್ರಮವು ಬಯಲುಸೀಮೆಗೂ ಸಲ್ಲುವುದು. ನೋಡತಕ್ಕ ಸಂಗತಿಗಳು ಮಾತ್ರ ಬೇರೆ. ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದಂತಹ ಪ್ರವಾಹಗಳಿಗೆ ಒಳಗಾಗುವ ಕೃಷ್ಣಾ, ಭೀಮಾ, ಮಲಪ್ರಭಾ ತೀರಗಳಲ್ಲಿ ಇಳಿಜಾರಿಗೆ ಬದಲಾಗಿ ಹೊಳೆಯ ಮಟ್ಟಕ್ಕಿಂತ ಮನೆಯ ಅಂಗಳ ಎಷ್ಟು ಎತ್ತರವೆಂಬುದನ್ನು ಅಳೆಯಬೇಕು. ಕೆರೆಗಳಿರುವ ಸೀಮೆಗಳಲ್ಲಿ ಏರಿಯ ಬಿರುಕು, ತೂಬಿನ ಸೋರಿಕೆ, ಕೋಡಿಯ ಒತ್ತುವರಿ ಇವನ್ನು ನೋಡಬೇಕು. ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದ ೨೦೨೩ರಂತಹ ವರ್ಷಗಳಿಗಾಗಿ ಕುಡಿಯುವ ನೀರಿನ ಬಾವಿಗಳನ್ನೂ ಮೇವಿನ ಬಣವೆಗಳನ್ನೂ ಎಣಿಸಿಡಬೇಕು.

ಗ್ರಾಮದ ಮುಖಂಡರ ಕರ್ತವ್ಯ

ಕೊನೆಯದಾಗಿ, ಈ ಪಟ್ಟಿಯು ಪೆಟ್ಟಿಗೆಯಲ್ಲಿ ಉಳಿದರೆ ಪ್ರಯೋಜನವಿಲ್ಲ. ಊರು ತಕ್ಕರು, ಪಂಚಾಯಿತಿಯ ಅಧ್ಯಕ್ಷರು, ಹಿಡುವಳಿದಾರರು, ಗ್ರಾಮ ಆಡಳಿತಾಧಿಕಾರಿ ಇವರು ಮೇ ತಿಂಗಳೊಳಗೆ ಒಂದೆಡೆ ಕಲೆತು, ಹೆಚ್ಚಿನ ಅಂಕದ ಮನೆಗಳ ಹೆಸರನ್ನು ಓದಿ, ಯಾವ ಮನೆಯವರು ಎಲ್ಲಿಗೆ ಹೋಗತಕ್ಕದ್ದು, ಯಾವ ದಾರಿಯಿಂದ ಹೋಗತಕ್ಕದ್ದು, ನಡೆಯಲಾರದವರನ್ನು ಯಾರು ಎತ್ತತಕ್ಕದ್ದು, ದನಗಳ ಕಟ್ಟನ್ನು ಯಾರು ಬಿಚ್ಚತಕ್ಕದ್ದು, ಹೊರಡಿರೆಂಬ ಮಾತನ್ನು ಯಾರು ಆಡತಕ್ಕದ್ದು ಎಂಬುದನ್ನು ಗೊತ್ತುಮಾಡಬೇಕು. ಪಟ್ಟಿಯ ಒಂದು ಪ್ರತಿಯನ್ನು ತಹಸೀಲ್ದಾರರಿಗೆ ಕಳುಹಿಸಬೇಕು. ಮಳೆಗಾಲ ಮುಗಿದೊಡನೆ ಮತ್ತೆ ನಡೆದು ನೋಡಿ ಅಂಕಗಳನ್ನು ತಿದ್ದಬೇಕು.

ಸ್ವಂತ ಮನೆಗೇ ಹೆಚ್ಚಿನ ಅಂಕ ಬಿದ್ದಾಗ ಅದನ್ನು ಒಪ್ಪಿಕೊಳ್ಳುವುದು ಕಷ್ಟ. ಕೂಲಿಯವರ ಮನೆಗೆ ಬಿದ್ದಾಗ ಅದನ್ನು ಮರೆತುಬಿಡುವುದು ಸುಲಭ. ಈ ಎರಡನ್ನೂ ಮೀರಿ ಅಂಕವನ್ನು ಇದ್ದಂತೆ ಬರೆಯುವ ಮುಖಂಡರಿರುವ ಗ್ರಾಮದಲ್ಲಿ, ಕಕ್ಕಡದ ಮಳೆ ಎಷ್ಟೇ ಸುರಿದರೂ, ಮಣ್ಣು ಹೋದೀತು, ಗಿಡ ಹೋದೀತು, ಜೀವ ಮಾತ್ರ ಉಳಿದೀತು.